ಉಗಿಯಿಂದ ಹುಟ್ಟಿದ ತಂಪು

ಸ್ಮರಣ ಸಂಚಿಕೆಗೆ ಒಂದು ಚಾರಿತ್ರಿಕ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಹೊಯ್ಸಳ ಶಿಲ್ಪವೋ ವಿಜಯನಗರದ ವೈಭವವೋ ಅವರ ಮನಸ್ಸಿನಲ್ಲಿದ್ದಿರಬಹುದು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಮೈಸೂರಿನಲ್ಲಿ ಚರಿತ್ರೆಯನ್ನು ಐಚ್ಛಿಕ ವಿಷಯವನ್ನಾಗಿ ತೆಗೆದುಕೊಂಡು ಬಿ.ಎ. ಮುಗಿಸಿ, ಮದುವೆಯಾಗಿ ಈ ದೇಶಕ್ಕೆ ಬಂದು, ಮನೆ ಮಕ್ಕಳನ್ನು ನೋಡಿಕೊಂಡು ಮೂರು ದಶಕ ಕಳೆದವಳು ನಾನು. ಕಾಲೇಜಿನಲ್ಲಿ ಓದಿದ ಚರಿತ್ರೆಯಲ್ಲಿ ರಾಜರಿದ್ದರು, ಯುದ್ಧಗಳಿದ್ದವು, ಒಪ್ಪಂದಗಳಿದ್ದವು. ಅಡುಗೆಮನೆಯಲ್ಲಿ ನಮ್ಮ ಕೈಗೆ ನಿತ್ಯ ಸಿಕ್ಕುವ ಬಿಸಿ ಮತ್ತು ತಂಪುಗಳಿಗೆ ಒಂದು ಪುಟವೂ ಇರಲಿಲ್ಲ. ಆ ಪುಟವನ್ನು ನಾನೇ ಹುಡುಕಿಕೊಂಡು ಓದಿದ್ದರ ಫಲ ಈ ಬರಹ.

ವಿಷಯ ಸ್ವಲ್ಪ ವಿಚಿತ್ರವಾದದ್ದು. ಕುದಿಯುವ ನೀರಿನ ಉಗಿಯನ್ನೇ ಬಳಸಿ ನೀರನ್ನು ತಣ್ಣಗೆ ಮಾಡುವ ಒಂದು ಯಂತ್ರ ಈ ದೇಶದಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅದರಲ್ಲಿ ವಿಷಾನಿಲವಿಲ್ಲ, ರಾಸಾಯನಿಕವಿಲ್ಲ. ಇದ್ದುದು ನೀರು, ನೀರಿನ ಆವಿ, ಕೆಲವು ಕೊಳವೆಗಳು, ಇಷ್ಟೇ. ಸಾವಿರಾರು ಜನ ರೈಲು ಪ್ರಯಾಣಿಕರು ಮರುಭೂಮಿಯ ನಡುವೆ ಆ ತಂಪಿನಲ್ಲಿ ಕುಳಿತು ಊಟ ಮಾಡಿದ್ದಾರೆ. ಹಾಗೆಯೇ ಆ ತಂಪು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬ ಪ್ರಶ್ನೆ ಈ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಮೊದಲು ತತ್ತ್ವವನ್ನು ನೋಡೋಣ. ನಮ್ಮ ಅಜ್ಜಿಯಂದಿರು ಮಣ್ಣಿನ ಹೂಜಿಯಲ್ಲಿ ನೀರಿಟ್ಟು, ಅದರ ಹೊರಮೈಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಬೇಸಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಶಾಖವನ್ನು ಕೊಂಡೊಯ್ಯುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ಹೀಗೆ ಒಳಗೊಳಗೇ ಅಡಗಿ ಹೋಗುವ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಇದನ್ನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ವಿವರಿಸಿದವನು ಜೋಸೆಫ್ ಬ್ಲ್ಯಾಕ್. ಒಂದು ಕಿಲೋ ನೀರು ಆವಿಯಾಗಬೇಕಾದರೆ ಎಷ್ಟು ಶಾಖ ಬೇಕೆಂದರೆ, ಅದನ್ನು ಸುತ್ತಲಿನ ನೂರು ಕಿಲೋ ನೀರಿನಿಂದ ತೆಗೆದುಕೊಂಡರೆ ಆ ನೀರು ಸುಮಾರು 6 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಮತ್ತೆ ಬರುತ್ತದೆ.

ಎರಡನೆಯ ಸಂಗತಿಯೂ ಗೃಹಿಣಿಯರಿಗೆ ಹೊಸದಲ್ಲ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಇಳಿದಂತೆಲ್ಲ ಕುದಿಬಿಂದುವೂ ಇಳಿಯುತ್ತದೆ. ವಾತಾವರಣದ ಒತ್ತಡವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ನೀರು 7 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಿಂದ ಆಗತಾನೆ ತೆಗೆದಷ್ಟು ತಣ್ಣಗಿರುವಾಗಲೇ, ಕೊತಕೊತನೆ ಕುದಿಯತೊಡಗುತ್ತದೆ! ಕುದಿಯುವುದೆಂದರೆ ಬಿಸಿಯಾಗಿರುವುದೆಂದು ನಾವು ಭಾವಿಸುವುದು ನಮ್ಮ ಒಲೆಯ ಅಭ್ಯಾಸ ಮಾತ್ರ. ನಿರ್ವಾತದಲ್ಲಿ ಕುದಿಯುವ ನೀರು ಹೊರಗಿನಿಂದ ಬೆಂಕಿ ಬೇಡುವುದಿಲ್ಲ; ತನ್ನ ಶಾಖವನ್ನೇ ತಾನು ಖರ್ಚುಮಾಡಿಕೊಂಡು ಇನ್ನಷ್ಟು ತಣ್ಣಗಾಗುತ್ತದೆ.

ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡಿದವರಿಗೆ ಮಂಡ್ಯ ಹತ್ತಿರ ಬಂತೆಂದು ತಿಳಿಸುತ್ತಿದ್ದುದು ಕಾಕಂಬಿಯ ವಾಸನೆ. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆ ಅದು. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಜೋರು ಬೆಂಕಿಗೆ ಕಂದಾಗಿ ಬೆಲ್ಲವಾಗುತ್ತದೆ. ಅದು ಬೆಳ್ಳಗೆ ಹರಳುಗಟ್ಟಬೇಕಾದರೆ ಮುಚ್ಚಿದ ಪಾತ್ರೆಯಲ್ಲಿ ಗಾಳಿ ತೆಗೆದು, ಕಡಿಮೆ ಶಾಖದಲ್ಲಿ ಕುದಿಸಬೇಕು. ಇದನ್ನು ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ 1813ರ ಸುಮಾರಿಗೇ ಕಂಡುಕೊಂಡಿದ್ದ. ಬೆಲ್ಲಕ್ಕೂ ಸಕ್ಕರೆಗೂ ಇರುವ ಅಂತರದಲ್ಲಿ ನಿರ್ವಾತದ ಪಾತ್ರವೂ ಇದೆ ಎಂದರೆ ತಪ್ಪಲ್ಲ.

ನಿರ್ವಾತದಿಂದ ತಂಪು ಹುಟ್ಟಿಸುವ ಪ್ರಯೋಗವೂ ಹಳೆಯದು. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲೆನ್, ಈಥರನ್ನು ನಿರ್ವಾತದಲ್ಲಿ ಆವಿಯಾಗಿಸಿ ಸುತ್ತಲಿನ ನೀರು ಹೆಪ್ಪುಗಟ್ಟಿದ್ದನ್ನು 1756ರಲ್ಲಿ ಪ್ರಕಟಿಸಿದ. ಬ್ಲ್ಯಾಕ್ ಅವನ ಶಿಷ್ಯನೇ. 1810ರಲ್ಲಿ ಎಡಿನ್‌ಬರೋದ ಜಾನ್ ಲೆಸ್ಲಿ, ಗಾಳಿ ತೆಗೆದ ಗಾಜಿನ ಗಂಟೆಯೊಳಗೆ ನೀರಿನ ಬಟ್ಟಲನ್ನೂ ಗಂಧಕಾಮ್ಲದ ಬಟ್ಟಲನ್ನೂ ಇಟ್ಟು, ಆಮ್ಲವು ಆವಿಯನ್ನು ಹೀರುತ್ತಿದ್ದಂತೆ ನೀರು ಮಂಜಾಗುವುದನ್ನು ತೋರಿಸಿದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಡ್ಮಂಡ್ ಕಾರೆ ಎಂಬಾತ ಇದೇ ಉಪಾಯವನ್ನು ಕೈಪಂಪಿನ ಯಂತ್ರವಾಗಿ ಮಾಡಲು, ಪ್ಯಾರಿಸ್ಸಿನ ಕಾಫಿ ಹೋಟೆಲುಗಳು ಗಿರಾಕಿಗಳಿಗೆ ಮಂಜುಗಟ್ಟಿದ ಹೂಜಿಗಳನ್ನು ಕೊಡತೊಡಗಿದವು. ಗಂಧಕಾಮ್ಲವನ್ನು ಅಡುಗೆಮನೆಯ ಪಕ್ಕದಲ್ಲಿ ಇಟ್ಟುಕೊಂಡ ಆ ಹೋಟೆಲಿನವರ ಧೈರ್ಯವನ್ನು ಮೆಚ್ಚಬೇಕು.

ಅಲ್ಲಿಯವರೆಗೆ ತಂಪೆಂಬುದು ತಯಾರಿಸುವ ವಸ್ತುವಾಗಿರದೆ ಸಾಗಿಸುವ ಸರಕಾಗಿತ್ತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ಸುಮಾರು 180 ಟನ್ ಕೆರೆಯ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಪ್ರಯಾಣದ ನಂತರ ಸುಮಾರು 100 ಟನ್ ಕರಗದೆ ಉಳಿದಿತ್ತಂತೆ! ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಅವನ ಮಂಜಿನ ಗೋದಾಮಿನಲ್ಲಿಯೇ 1897ರಲ್ಲಿ ಅಮೆರಿಕೆಯಿಂದ ಮರಳಿದ ಸ್ವಾಮಿ ವಿವೇಕಾನಂದರು ತಂಗಿದ್ದು. ಇಂದು ಅದು ಅವರ ಹೆಸರಿನ ಸ್ಮಾರಕ. ಏರ್ ಕಂಡಿಷನರ್ ಕೊಳ್ಳುವಾಗ ಅಂಗಡಿಯವನು ‘ಇದು ಎರಡು ಟನ್ನಿನದು’ ಎನ್ನುತ್ತಾನಲ್ಲ, ಅದು ಆ ಮಂಜುಗಡ್ಡೆಯ ಕಾಲದ ನೆನಪು. ಒಂದು ಟನ್, ಅಂದರೆ ಅಮೆರಿಕದ 2,000 ಪೌಂಡು, ಮಂಜು 24 ಗಂಟೆಗಳಲ್ಲಿ ಕರಗಿದರೆ ಸಿಕ್ಕುವಷ್ಟು ತಂಪು. ಅದೇ ತಂಪನ್ನು ನೀರನ್ನು ಆವಿಯಾಗಿಸಿ ಪಡೆಯಬೇಕಾದರೆ ಗಂಟೆಗೆ ಸುಮಾರು 5 ಕಿಲೋ ನೀರು ಸಾಕು.

ಐದು ಕಿಲೋ ನೀರು ಸಾಕೆಂದರೆ ಅದರಲ್ಲೇನು ಕಷ್ಟವೆಂದು ಕೇಳಬಹುದು. ಕಷ್ಟವಿರುವುದು ಆವಿಯ ಗಾತ್ರದಲ್ಲಿ. 100 ಡಿಗ್ರಿಯಲ್ಲಿ ಕುದಿದ ಒಂದು ಕಿಲೋ ನೀರಿನ ಆವಿ ಸುಮಾರು 1.7 ಘನ ಮೀಟರ್ ಜಾಗವನ್ನು ಆಕ್ರಮಿಸುತ್ತದೆ. ಅದೇ ನೀರು ನಿರ್ವಾತದಲ್ಲಿ 7 ಡಿಗ್ರಿಗೆ ಕುದಿದರೆ ಆವಿಯ ಗಾತ್ರ ಸುಮಾರು 129 ಘನ ಮೀಟರ್. ಇಪ್ಪತ್ತಮೂರು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಹಾಲಿನ ತುಂಬ ಒಂದೇ ಕಿಲೋ ಆವಿ! ಇದನ್ನು ಬಿಡುವಿಲ್ಲದೆ ಹೊರಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಒತ್ತಡವೇರಿ ಕುದಿಯುವುದು ನಿಂತುಹೋಗುತ್ತದೆ. ಇಷ್ಟು ತೆಳುವಾದ ಆವಿಯನ್ನು ಕೊಂತ ಹಾಕಿದ ಪಂಪಿನಿಂದ ಎಳೆಯಬೇಕಾದರೆ ಪಂಪು ಮನೆಗಿಂತ ದೊಡ್ಡದಾಗಬೇಕು. ಈ ಕಗ್ಗಂಟನ್ನು ಬಿಡಿಸಿದ್ದು ಬೇರೆಯೇ ಉದ್ದೇಶಕ್ಕೆ ಹುಟ್ಟಿದ ಒಂದು ಸಣ್ಣ ಹಿತ್ತಾಳೆ ಉಪಕರಣ.

ಆ ಉಪಕರಣದ ಜನಕ ಫ್ರಾನ್ಸಿನ ಆನ್ರಿ ಜಿಫಾರ್ (1825–1882). ಅವನು ಮೊದಲು ಹೆಸರಾದದ್ದು ಆಕಾಶದಲ್ಲಿ. 1852ರ ಸೆಪ್ಟೆಂಬರಿನಲ್ಲಿ ಉಗಿಯಂತ್ರ ಕಟ್ಟಿದ ಬಲೂನಿನಲ್ಲಿ ಪ್ಯಾರಿಸ್ಸಿನಿಂದ ಸುಮಾರು 27 ಕಿಲೋಮೀಟರ್ ಹಾರಿದ್ದ. ಆದರೆ ಅವನಿಗೆ ಐಶ್ವರ್ಯ ತಂದದ್ದು 1858ರಲ್ಲಿ ಪೇಟೆಂಟ್ ಪಡೆದ ಇಂಜೆಕ್ಟರ್. ಉಗಿಬಂಡಿಯ ಬಾಯ್ಲರಿನಲ್ಲಿ ನೀರು ಖರ್ಚಾಗುತ್ತಿದ್ದಂತೆ ಹೊಸ ನೀರು ತುಂಬಬೇಕು. ಒಳಗೆ ಅಗಾಧ ಒತ್ತಡವಿರುವಾಗ ನೀರು ಒಳಹೋಗುವುದು ಹೇಗೆ? ಬಾಯ್ಲರಿನದೇ ಉಗಿಯನ್ನು ಒಂದು ಕಿರಿದಾದ ಮೂತಿಯ ಮೂಲಕ ಚಿಮ್ಮಿಸಿದ ಜಿಫಾರ್. ಅದು ಪಕ್ಕದ ತಣ್ಣೀರನ್ನು ಸೆಳೆದುಕೊಂಡು, ಅದರಲ್ಲಿ ಕರಗಿ ನೀರಾಗಿ, ತನ್ನ ವೇಗವನ್ನೆಲ್ಲ ನೀರಿಗೆ ಧಾರೆಯೆರೆಯಿತು. ಆ ವೇಗ ಮುಂದಿನ ಅಗಲವಾಗುವ ಕೊಳವೆಯಲ್ಲಿ ಒತ್ತಡವಾಗಿ ಮಾರ್ಪಟ್ಟು, ಬಾಯ್ಲರಿನ ಬಾಗಿಲನ್ನು ತಾನೇ ತೆರೆದುಕೊಂಡು ಒಳನುಗ್ಗಿತು. ಚಲಿಸುವ ಭಾಗ ಒಂದೂ ಇಲ್ಲ. ಅಂದಿನ ಎಂಜಿನಿಯರುಗಳಲ್ಲಿ ಹಲವರಿಗೆ ಇದು ಕಣ್ಕಟ್ಟಿನಂತೆ ತೋರಿತೆಂದರೆ ಆಶ್ಚರ್ಯವಿಲ್ಲ. ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ ಕಂಪನಿ 1860ರಿಂದ ಇದನ್ನು ಅಮೆರಿಕದಲ್ಲಿ ತಯಾರಿಸಿತು. ನಮ್ಮೂರಿನ ಉಗಿಬಂಡಿ ಸ್ಟೇಷನ್ನಿನಲ್ಲಿ ನಿಂತಾಗ ಕೇಳುತ್ತಿದ್ದ ಚಿಸ್ಸೆಂಬ ಸದ್ದುಗಳಲ್ಲಿ ಒಂದು ಜಿಫಾರನ ಸಂತಾನದ್ದು. ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡ ಆ ಮನುಷ್ಯ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಆಸ್ತಿಯನ್ನು ವಿಜ್ಞಾನಕ್ಕೂ ದೀನರ ನೆರವಿಗೂ ದೇಶಕ್ಕೆ ಬಿಟ್ಟುಹೋದ. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವನದೂ ಒಂದು.

ಉಗಿಯ ಧಾರೆ ನೀರನ್ನು ಎಳೆಯಬಲ್ಲುದಾದರೆ ಗಾಳಿಯನ್ನೂ ಎಳೆಯಬಲ್ಲುದು. ಉಗಿ ಟರ್ಬೈನಿನ ಖ್ಯಾತಿಯ ಚಾರ್ಲ್ಸ್ ಪಾರ್ಸನ್ಸ್ 1901ರ ಸುಮಾರಿಗೆ ತನ್ನ ಯಂತ್ರಗಳ ಕಂಡೆನ್ಸರುಗಳಿಂದ ಗಾಳಿ ತೆಗೆಯಲು ಇದನ್ನು ಬಳಸಿದ. ಅಲ್ಲಿಂದ ಮುಂದಿನ ಹೆಜ್ಜೆಯಿಟ್ಟವನು ಮೊರೀಸ್ ಲೆಬ್ಲಾಂಕ್. ಆರ್ಸೆನ್ ಲುಪಿನ್ ಎಂಬ ಚತುರ ಕಳ್ಳನ ಕಾದಂಬರಿಗಳನ್ನು ಬರೆದವನೂ ಇದೇ ಹೆಸರಿನವನೇ, ಇದೇ ಕಾಲದವನೇ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಈ ಹೆಸರು ಹಾಕಿದರೆ ಕಳ್ಳನ ಪುಸ್ತಕಗಳೇ ರಾಶಿ ಬೀಳುತ್ತವೆ. ನಮ್ಮ ಲೆಬ್ಲಾಂಕ್ (1857–1923) ಎಂಜಿನಿಯರು, ಫ್ರಾನ್ಸಿನ ವೆಸ್ಟಿಂಗ್‌ಹೌಸ್ ಸಂಸ್ಥೆಯೊಡನೆ ಕೆಲಸಮಾಡಿದವನು. ನೀರಿನ ಮೇಲಿನ ಆವಿಯನ್ನು ಉಗಿಯ ಧಾರೆಯಿಂದಲೇ ಎಳೆದು ತೆಗೆದರೆ ನೀರು ತಣ್ಣಗಾಗಬೇಕಲ್ಲವೇ ಎಂಬ ವಿಚಾರವನ್ನು ಯಂತ್ರವಾಗಿಸಿದವನು ಇವನೇ. ಮೊದಲ ವ್ಯವಸ್ಥೆಯ ಕಾಲವನ್ನು ಸಾಮಾನ್ಯವಾಗಿ 1910 ಎನ್ನುತ್ತಾರೆ.

ಯಂತ್ರದ ಒಳಗೆ ನಡೆಯುವುದನ್ನು ಯಜಮಾನರು ಕಾಗದದ ಮೇಲೆ ಚಿತ್ರ ಬರೆದು ನನಗೆ ತೋರಿಸಿದ ಕ್ರಮದಲ್ಲಿಯೇ ಹೇಳುತ್ತೇನೆ. ಗಾಳಿಯಾಡದ ಒಂದು ತೊಟ್ಟಿ. ಅದರೊಳಕ್ಕೆ ಕಟ್ಟಡವನ್ನೋ ರೈಲು ಡಬ್ಬಿಯನ್ನೋ ತಂಪುಮಾಡಿ ತುಸು ಬೆಚ್ಚಗಾಗಿ ಹಿಂತಿರುಗಿದ, ಸುಮಾರು 13 ಡಿಗ್ರಿಯ ನೀರು ತುಂತುರಾಗಿ ಬೀಳುತ್ತದೆ. ತೊಟ್ಟಿಯಲ್ಲಿ ಒತ್ತಡ ಪಾದರಸದ 7.5 ಮಿಲಿಮೀಟರಿನಷ್ಟು ಮಾತ್ರ (ಹೊರಗಿನ ಗಾಳಿಯದು 760). ಒಳಬಿದ್ದ ಕ್ಷಣದಲ್ಲಿಯೇ ನೀರಿನ ನೂರರಲ್ಲಿ ಒಂದು ಭಾಗ ಸಿಡಿದು ಆವಿಯಾಗುತ್ತದೆ, ಮಿಕ್ಕ ತೊಂಬತ್ತೊಂಬತ್ತು ಭಾಗ 7 ಡಿಗ್ರಿಗೆ ಇಳಿಯುತ್ತದೆ. ಮೊದಲು ಹೇಳಿದ ಲೆಕ್ಕ ಇದೇ. ತಣ್ಣಗಾದ ನೀರನ್ನು ಪಂಪು ಮತ್ತೆ ಕೆಲಸಕ್ಕೆ ಕಳುಹಿಸುತ್ತದೆ; ಆವಿಯಾಗಿ ಹೋದಷ್ಟು ನೀರನ್ನು ಹೊಸದಾಗಿ ಸೇರಿಸುತ್ತಾರೆ.

ತೊಟ್ಟಿಯ ಪಕ್ಕಕ್ಕೆ ಎಜೆಕ್ಟರ್. ಬಾಯ್ಲರಿನ ಉಗಿ ಇದರ ಮೂತಿಯಲ್ಲಿ ಮೊದಲು ಕಿರಿದಾಗಿ ಆಮೇಲೆ ಅಗಲವಾಗುವ ದಾರಿಯಲ್ಲಿ ಹಾಯುತ್ತದೆ. ಒತ್ತಡವನ್ನೆಲ್ಲ ವೇಗವಾಗಿ ಬದಲಾಯಿಸಿಕೊಂಡು ಹೊರಬರುವಾಗ ಅದರ ಓಟ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಮಿಗಿಲು; ಗಾಳಿಯಲ್ಲಿ ಶಬ್ದದ ವೇಗದ ಮೂರು ಪಟ್ಟು. ಅಷ್ಟು ರಭಸದ ಧಾರೆ ತನ್ನ ಪಕ್ಕದ ತೆಳು ಆವಿಯನ್ನು, ಜಾತ್ರೆಯ ಜನಸಂದಣಿ ದಾರಿಯಲ್ಲಿ ನಿಂತವರನ್ನು ಎಳೆದೊಯ್ಯುವಂತೆ, ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಎರಡೂ ಬೆರೆತು ಇನ್ನೊಂದು ಕೊಳವೆಯಲ್ಲಿ, ಸೊಂಟ ಕಟ್ಟಿದಂತೆ ಕಿರಿದಾಗಿ ಮುಂದೆ ಹರಡಿಕೊಳ್ಳುವ ಕೊಳವೆಯಲ್ಲಿ, ನಿಧಾನವಾಗುತ್ತವೆ. ನಿಧಾನವಾದಷ್ಟೂ ಒತ್ತಡ ಏರುತ್ತದೆ: 7.5 ಮಿಲಿಮೀಟರ್ ಇದ್ದದ್ದು 50ರ ಹತ್ತಿರ ಬರುತ್ತದೆ. ಇದೇನು ಮಹಾ ಎನಿಸಬಹುದು. ಆದರೆ ಈ ಒತ್ತಡದಲ್ಲಿ ಆವಿ 38 ಡಿಗ್ರಿಗೆ ನೀರಾಗುತ್ತದೆ. 7 ಡಿಗ್ರಿಯ ಆವಿಯನ್ನು ನೀರಾಗಿಸಲು ಅದಕ್ಕಿಂತ ತಣ್ಣನೆಯ ವಸ್ತು ಬೇಕಾಗುತ್ತಿತ್ತು. 38 ಡಿಗ್ರಿಯದಕ್ಕೆ ಸಾಮಾನ್ಯ ಕೊಳಾಯಿ ನೀರೇ ಸಾಕು. ಇಡೀ ಯಂತ್ರದ ಮರ್ಮ ಈ ಒಂದು ಏರಿಕೆಯಲ್ಲಿದೆ. ಕಂಡೆನ್ಸರಿನಲ್ಲಿ ಆವಿ ನೀರಾಗಿ, ಹೊತ್ತುತಂದ ಶಾಖವನ್ನು ಹೊರಗಿಳಿಸುತ್ತದೆ. ಸಂದುಗೊಂದುಗಳಿಂದ ಒಳನುಸುಳಿದ ಗಾಳಿ ಮಾತ್ರ ನೀರಾಗದೆ ಉಳಿಯುತ್ತದೆ. ಅದನ್ನು ಹೊರದೂಡಲು ಒಂದೆರಡು ಪುಟ್ಟ ಎಜೆಕ್ಟರುಗಳು ಬೇರೆ ಇರುತ್ತವೆ.

ಇದರ ಮಿತಿಗಳನ್ನೂ ಹೇಳಬೇಕು. ನೀರು ಹೆಪ್ಪುಗಟ್ಟುವುದರಿಂದ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವಂತಿಲ್ಲ. ಐಸ್ ಕ್ರೀಮಿಗೆ ಇದು ಒದಗದು, ಹವಾನಿಯಂತ್ರಣಕ್ಕೆ ಸರಿ. ಒಂದು ಕಿಲೋ ಆವಿಯನ್ನು ಎಳೆಯಲು ಎರಡು ಮೂರು ಕಿಲೋ ಉಗಿ ಬೇಕು, ಅದನ್ನೂ ನೀರಾಗಿಸಲು ಕಂಡೆನ್ಸರಿಗೆ ಧಾರಾಳ ತಣ್ಣೀರು ಬೇಕು. ಉರುವಲನ್ನು ಕೊಂಡು ತಂದು ಉಗಿ ಮಾಡಬೇಕಾದ ಮನೆಯವರಿಗೆ ಇದು ದುಬಾರಿ ಯಂತ್ರ. ಉಗಿ ಹೇಗೂ ಬಿದ್ದಿರುವ ಕಡೆ ಮಾತ್ರ ಇದು ಲಾಭ. 1930ರ ದಶಕದ ಆದಿಯಲ್ಲಿ ಈ ದೇಶದ ದೊಡ್ಡ ಕಟ್ಟಡಗಳಲ್ಲಿ ಚಳಿಗಾಲಕ್ಕೆಂದು ಕಟ್ಟಿದ ಬಾಯ್ಲರುಗಳು ಬೇಸಗೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದವು. ಅವುಗಳಿಗೊಂದು ಬೇಸಗೆಯ ಕೆಲಸ ಸಿಕ್ಕಿತು.

ರೈಲಿನ ಕಥೆಯೂ ಹೀಗೆಯೇ. ಅಮೆರಿಕದ ರೈಲುಡಬ್ಬಿಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೂ ಉಗಿಯ ಕೊಳವೆ ಇತ್ತು. ಬೇಸಗೆಯಲ್ಲಿ ಕೊಳವೆಗೆ ರಜೆ, ಪ್ರಯಾಣಿಕರಿಗೆ ಸೆಕೆ. ಕಿಟಕಿ ತೆರೆದರೆ ಧೂಳು, ಕಲ್ಲಿದ್ದಲಿನ ಕಿಡಿ. ಮುಚ್ಚಿದರೆ ಉಸಿರು ಕಟ್ಟುವುದು. ಮೈಸೂರು ರೈಲಿನಲ್ಲಿ ಕಣ್ಣಿಗೆ ಬಿದ್ದ ಇದ್ದಿಲ ಕಣವನ್ನು ಸೆರಗಿನ ತುದಿಯಿಂದ ತೆಗೆಯುತ್ತಿದ್ದ ತಾಯಂದಿರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1930ರಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿ ತನ್ನ ಮಾರ್ಥಾ ವಾಷಿಂಗ್‌ಟನ್ ಎಂಬ ಊಟದ ಡಬ್ಬಿಗೆ ಹವಾನಿಯಂತ್ರಣ ಅಳವಡಿಸಿದ ಮೇಲೆ ಕಂಪನಿಗಳ ನಡುವೆ ಸ್ಪರ್ಧೆ ಹತ್ತಿತು. ಕೆಲವರು ಡಬ್ಬಿಯಡಿಯ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆ ತುಂಬಿದರು, ಕೆಲವರು ಯಂತ್ರದ ಕಂಪ್ರೆಸರ್ ಕೂರಿಸಿದರು, ಕೆಲವರು ಉಗಿಯ ಎಜೆಕ್ಟರನ್ನು ಆರಿಸಿಕೊಂಡರು. (ಭಾರತದಲ್ಲಿ 1934ರಲ್ಲಿ ಫ್ರಾಂಟಿಯರ್ ಮೇಲಿನ ಮೇಲ್ದರ್ಜೆಗೆ ಬಂದ ತಂಪು ಮಂಜುಗಡ್ಡೆಯದು.) ಬೇಸಗೆಯ ರಜೆಯಲ್ಲಿದ್ದ ಕೊಳವೆಯಿಂದಲೇ ತಂಪು ಪಡೆಯುವ ಎಜೆಕ್ಟರ್ ವ್ಯವಸ್ಥೆಯಲ್ಲಿ ಒಂದು ಗೃಹಿಣಿಯ ಜಾಣತನವಿದೆಯೆಂದು ನನ್ನ ಅಭಿಪ್ರಾಯ. ಕೆಡುವ ಭಾಗಗಳು ಕಡಿಮೆ. ಸೋರಿದರೆ ಸೋರುವುದು ನೀರು. ಅಂದಿನ ಯಂತ್ರಗಳಲ್ಲಿದ್ದ ಅಮೋನಿಯಾ, ಸಲ್ಫರ್ ಡಯಾಕ್ಸೈಡ್ ಮುಂತಾದ ಅನಿಲಗಳು ಮುಚ್ಚಿದ ಡಬ್ಬಿಯಲ್ಲಿ ಸೋರಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

ಈ ವ್ಯವಸ್ಥೆಗೆ ಹೆಚ್ಚು ನಿಷ್ಠೆಯಿಂದ ಅಂಟಿಕೊಂಡದ್ದು ಷಿಕಾಗೋದಿಂದ ಲಾಸ್ ಏಂಜಲೀಸ್ ಮಾರ್ಗದ ಸಾಂಟಾ ಫೇ ಕಂಪನಿ. 1936ರಲ್ಲಿ ಆರಂಭವಾದ ಅದರ ಸೂಪರ್ ಚೀಫ್ ರೈಲು ಆ ದೂರವನ್ನು 39 ಗಂಟೆ 45 ನಿಮಿಷಗಳಲ್ಲಿ ಕ್ರಮಿಸುತ್ತಿತ್ತು. ದಾರಿಯಲ್ಲಿ ಅರಿಜೋನಾ, ಮೊಹಾವಿ ಮರುಭೂಮಿ. ಬೇಸಗೆಯಲ್ಲಿ ಉರಿಯುವ ಕೆಂಡ. ಈ ರೈಲನ್ನು ಎಳೆಯುತ್ತಿದ್ದುದು ಡೀಸೆಲ್ ಎಂಜಿನ್, ಉಗಿಬಂಡಿಯಲ್ಲ. ಆದರೂ ಶಾಖಕ್ಕೂ ತಂಪಿಗೂ ಉಗಿ ಬೇಕಾದ್ದರಿಂದ ಪ್ರತ್ಯೇಕ ಬಾಯ್ಲರನ್ನು ಹೊತ್ತುಕೊಂಡೇ ಓಡಬೇಕಾಗಿತ್ತು! 1937ರ ಸೂಪರ್ ಚೀಫಿನ ಕೊಚಿಟಿ ಎಂಬ ಊಟದ ಡಬ್ಬಿ ಸ್ಯಾಕ್ರಮೆಂಟೋದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ. ಊರಿನಿಂದ ಬಂದ ನೆಂಟರನ್ನು ನಾನು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇನೆ. ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿ ಆ ರೈಲಿಗೆಂದು ವಿನ್ಯಾಸಗೊಳಿಸಿದ ಪಿಂಗಾಣಿ ತಟ್ಟೆಗಳ ಮೇಲೆ ನ್ಯೂ ಮೆಕ್ಸಿಕೋದ ಪ್ರಾಚೀನ ಮಿಂಬ್ರೆಸ್ ಜನರ ಮಡಕೆಗಳಿಂದ ಎತ್ತಿಕೊಂಡ ಮೊಲ, ಮೀನು, ಹಕ್ಕಿಗಳ ಚಿತ್ರಗಳಿವೆ. ನಮ್ಮ ಹಸೆ ಚಿತ್ತಾರವನ್ನು ಬಲ್ಲವರಿಗೆ ಅವು ಅಪರಿಚಿತವೆನಿಸವು.

ಈಗ ನಾನು ಮೊದಲು ಸೂಚಿಸಿದ ಪ್ರಶ್ನೆಗೆ ಬರುತ್ತೇನೆ. ತಂಪಾದ ಮಲಗುಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ, ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪುಲ್‌ಮನ್ ಕಂಪನಿಯ ಪೋರ್ಟರುಗಳು ಆಫ್ರಿಕನ್-ಅಮೆರಿಕನ್ನರು. ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳುತನದಲ್ಲಿ 1925ರಲ್ಲಿ ಸಂಘ ಕಟ್ಟಿದ ಅವರು, ಕಂಪನಿಯಿಂದ ಒಪ್ಪಂದ ಪಡೆದದ್ದು ಹನ್ನೆರಡು ವರ್ಷಗಳ ನಂತರ, 1937ರಲ್ಲಿ. ಅದೇ 1937ರ ಏಪ್ರಿಲ್ ತಿಂಗಳಲ್ಲಿ ಇಲಿನಾಯ್ ರಾಜ್ಯದ ಪ್ರತಿನಿಧಿ ಆರ್ಥರ್ ಮಿಚೆಲ್ ಷಿಕಾಗೋದಿಂದ ಅರ್ಕನ್ಸಾದ ಹಾಟ್ ಸ್ಪ್ರಿಂಗ್ಸ್‌ಗೆ ಹೊರಟರು. ಅಂದಿನ ಕಾಂಗ್ರೆಸ್ಸಿನಲ್ಲಿದ್ದ ಒಬ್ಬನೇ ಒಬ್ಬ ಆಫ್ರಿಕನ್-ಅಮೆರಿಕನ್ ಸದಸ್ಯರು ಅವರು. ಕೈಯಲ್ಲಿ ಮೊದಲ ದರ್ಜೆಯ ಟಿಕೆಟು. ಮೆಂಫಿಸ್ ದಾಟಿ ಮಿಸಿಸಿಪಿ ನದಿಯಾಚೆ ಅರ್ಕನ್ಸಾ ರಾಜ್ಯ ಪ್ರವೇಶಿಸುತ್ತಿದ್ದಂತೆ ರಾಕ್ ಐಲೆಂಡ್ ಕಂಪನಿಯ ಕಂಡಕ್ಟರ್ ಬಂದು, ಬಂಧಿಸಬೇಕಾದೀತೆಂದು ಹೆದರಿಸಿ, ಅವರನ್ನು ಪುಲ್‌ಮನ್ ಡಬ್ಬಿಯಿಂದ ಎಬ್ಬಿಸಿ ಬೇರ್ಪಡಿಸಿದ ಡಬ್ಬಿಗೆ ಕಳುಹಿಸಿದ.

ಮಿಚೆಲ್ ಸುಮ್ಮನಿರಲಿಲ್ಲ. ಅಂತರರಾಜ್ಯ ವಾಣಿಜ್ಯ ಆಯೋಗ ಅವರ ದೂರನ್ನು ತಳ್ಳಿಹಾಕಿದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು, ತಮ್ಮ ಮೊಕದ್ದಮೆಯನ್ನು ತಾವೇ ವಾದಿಸಿದರು. 1941ರ ಏಪ್ರಿಲ್ 28ರಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಕೊಟ್ಟ ತೀರ್ಪಿನಲ್ಲಿ ಆ ಎರಡು ಡಬ್ಬಿಗಳ ವರ್ಣನೆ ಅಕ್ಕಪಕ್ಕದಲ್ಲಿ ಬರುತ್ತದೆ. ಒಂದರಲ್ಲಿ ಬಿಸಿನೀರು, ತಣ್ಣೀರು, ಒಳ್ಳೆಯ ಶೌಚಾಲಯ, ಹವಾನಿಯಂತ್ರಣ. ಇನ್ನೊಂದು ಮೂರು ಭಾಗ ಮಾಡಿದ ಹಳೆಯ ಡಬ್ಬಿ. ಹೆಂಗಸರ ಭಾಗ ಬಿಟ್ಟರೆ ಕೈತೊಳೆಯುವ ನೀರೂ ಇಲ್ಲ, ಹವಾನಿಯಂತ್ರಣವೂ ಇಲ್ಲ. ಸಮಾನ ದರ ಕೊಟ್ಟವನಿಗೆ ಸಮಾನ ಸೌಕರ್ಯ ದೊರೆಯಬೇಕೆಂದು ನ್ಯಾಯಾಲಯ ಏಕಕಂಠದಿಂದ ಹೇಳಿತು. ಬೇರ್ಪಡಿಸುವುದೇ ತಪ್ಪೆಂದು ಅದು ಅಂದು ಹೇಳಲಿಲ್ಲ. ಅಂತರರಾಜ್ಯ ರೈಲುಗಳಲ್ಲಿ ಅದನ್ನು ನಿಷೇಧಿಸುವ ಆಯೋಗದ ಆಜ್ಞೆ ಬಂದದ್ದು 1955ರಲ್ಲಿ. ಆ ತೀರ್ಪನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಹವಾನಿಯಂತ್ರಣದ ಆ ಒಂದು ಉಲ್ಲೇಖ. ಏಳೇ ವರ್ಷಗಳ ಹಿಂದೆ ಯಾರಿಗೂ ಇಲ್ಲದಿದ್ದ ಸೌಕರ್ಯ, ಅಷ್ಟರಲ್ಲೇ ಮನುಷ್ಯನ ಮರ್ಯಾದೆಯನ್ನು ಅಳೆಯುವ ಕೋಲುಗಳಲ್ಲಿ ಒಂದಾಗಿಬಿಟ್ಟಿತ್ತು. ನಮ್ಮೂರ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದುದನ್ನು ಬಲ್ಲ ನಾವು, ಇದನ್ನು ಅನ್ಯದೇಶದ ಸುದ್ದಿಯೆಂದು ಓದಿ ಪುಟ ಮಗುಚುವುದು ಸಾಧ್ಯವಿಲ್ಲ.

ಉಗಿಯ ಎಜೆಕ್ಟರಿನ ಮುಂದಿನ ಕಥೆ ಇಳಿಗಾಲದ್ದು. 1928ರಲ್ಲಿ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು ಸಿದ್ಧಪಡಿಸಿದ ಫ್ರಿಯಾನ್ ಎಂಬ ಅನಿಲ ಬೆಂಕಿ ಹತ್ತುವುದಿಲ್ಲ, ವಿಷವಲ್ಲ. ಅದು ಹರಡಿದಂತೆ ನೀರಿಗಿದ್ದ ಸುರಕ್ಷತೆಯ ಹಿರಿಮೆ ಹೋಯಿತು. ಕಡಿಮೆ ಖರ್ಚಿನಲ್ಲಿ ಹೆಚ್ಚು ತಂಪು ಕೊಡುವ ಕಂಪ್ರೆಸರ್ ಗೆದ್ದಿತು. 1971ರ ಮೇ 1ರಂದು ಪ್ರಯಾಣಿಕರ ರೈಲುಗಳನ್ನು ವಹಿಸಿಕೊಂಡ ಆಮ್‌ಟ್ರಾಕ್, ಹಳೆಯ ಉಗಿ ಕೊಳವೆಗಳ ಡಬ್ಬಿಗಳನ್ನು ಕೆಲಕಾಲ ಓಡಿಸಿ, 1980ರ ದಶಕದ ಆರಂಭದ ಹೊತ್ತಿಗೆ ಎಂಜಿನ್ನಿನಿಂದ ವಿದ್ಯುತ್ತು ಕೊಡುವ ಪದ್ಧತಿಗೆ ಬದಲಾಯಿತು. ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬಂದಿತ್ತು. ಫ್ರಿಯಾನಿನ ಬಂಧುಗಳು ಆಕಾಶದ ಓಜೋನ್ ಪದರವನ್ನು ತಿನ್ನುತ್ತವೆಂದು ಕ್ಯಾಲಿಫೋರ್ನಿಯಾದಲ್ಲಿದ್ದ ಮೊಲೀನಾ ಮತ್ತು ರೌಲೆಂಡ್ 1974ರಲ್ಲಿ ತೋರಿಸಿಕೊಟ್ಟಿದ್ದರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಅವುಗಳ ಬದಲಿಗೆ ಬಂದ ಅನಿಲಗಳು ಭೂಮಿಯನ್ನು ಬೆಚ್ಚಗಾಗಿಸುತ್ತವೆಂದು 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ತಿದ್ದುಪಡಿಯಾಯಿತು. ತಂಪುಗೊಳಿಸುವ ದ್ರವಗಳ ಪಟ್ಟಿಯಲ್ಲಿ ನೀರಿಗೆ ಆರ್-718 ಎಂಬ ಸಂಖ್ಯೆಯಿದೆ. ಬಿಸಿಲಿನ ಶಾಖದಿಂದಲೋ ಕಾರ್ಖಾನೆಯ ವ್ಯರ್ಥ ಶಾಖದಿಂದಲೋ ಎಜೆಕ್ಟರನ್ನು ನಡೆಸುವ ಸಂಶೋಧನೆ ಈಗಲೂ ನಡೆದಿದೆ. ಇದು ಗೆದ್ದೇ ಗೆಲ್ಲುವುದೆಂದು ನಾನು ಹೇಳಲಾರೆ. ಅದರ ಹೊಟ್ಟೆಬಾಕತನ ಅಂದಿನಂತೆಯೇ ಇದೆ.

ಎಜೆಕ್ಟರ್ ಪೂರ್ತಿ ಮಾಯವಾಗಿಲ್ಲ. ಪೆಟ್ರೋಲಿಯಂ ಶುದ್ಧೀಕರಣದಲ್ಲಿ, ನಮ್ಮ ಅಡುಗೆಯ ಎಣ್ಣೆಯ ವಾಸನೆ ತೆಗೆಯುವಲ್ಲಿ, ನಿರ್ವಾತ ಉಂಟುಮಾಡುವ ಕೆಲಸ ಅದರದೇ. ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿಯೂ ಅದು ಒಂದು ದೊಡ್ಡ ಬದಲಾವಣೆಗೆ ಕಾರಣವಾಯಿತು. ಅಲ್ಲಿ ಬೆಳೆದ ಲೆಟಿಸ್ ಸೊಪ್ಪನ್ನು ಷೆಡ್ಡುಗಳಿಗೆ ತಂದು, ಮರದ ಪೆಟ್ಟಿಗೆಗಳಲ್ಲಿ ಪುಡಿಮಾಡಿದ ಮಂಜಿನ ನಡುವೆ ಜೋಡಿಸಿ ಪೂರ್ವದ ಊರುಗಳಿಗೆ ರೈಲಿನಲ್ಲಿ ಕಳುಹಿಸುತ್ತಿದ್ದರು. ಐಸ್‌ಬರ್ಗ್ ಎಂಬ ಹೆಸರು ಆ ಮಂಜಿನಿಂದ ಬಂತೆಂದು ಹೇಳುವುದುಂಟು; ಬರ್ಪಿ ಎಂಬ ಬೀಜದ ಕಂಪನಿ ಆ ಹೆಸರಿನ ತಳಿಯನ್ನು 1894ರಲ್ಲಿಯೇ ಮಾರಾಟಕ್ಕಿಟ್ಟಿದ್ದರಿಂದ ಆ ಕಥೆಯನ್ನು ನಾನು ನಂಬುವುದಿಲ್ಲ. 1948ರ ಸುಮಾರಿಗೆ ಸಲೀನಸ್ಸಿನಲ್ಲಿ ನಿರ್ವಾತದ ಕೋಣೆಗಳು ಬಂದವು. ಸೊಪ್ಪಿನ ಪೆಟ್ಟಿಗೆಗಳನ್ನು ಉಕ್ಕಿನ ಕೋಣೆಗೆ ತಳ್ಳಿ, ಬಾಗಿಲು ಬಿಗಿದು, ಉಗಿಯ ಎಜೆಕ್ಟರುಗಳಿಂದ ಗಾಳಿ ತೆಗೆದರೆ ಎಲೆಯೊಳಗಿನ ತೇವವೇ ಆವಿಯಾಗಿ ಅರ್ಧ ಗಂಟೆಯಲ್ಲಿ ಸೊಪ್ಪಿನ ತಿರುಳಿನವರೆಗೂ ತಂಪು. ಮಂಜು ಬೇಡವಾದ ಮೇಲೆ ಒದ್ದೆಯಾಗದ ರಟ್ಟಿನ ಪೆಟ್ಟಿಗೆ ಸಾಕಾಯಿತು. ರಟ್ಟಿನ ಪೆಟ್ಟಿಗೆಯನ್ನು ಹೊಲದಲ್ಲಿಯೇ ತುಂಬಬಹುದಾಯಿತು. ಷೆಡ್ಡಿನ ಕೆಲಸಗಾರರು ಬೇಡವಾದರು. ಸಂಘ ಕಟ್ಟಿಕೊಂಡು ಒಳ್ಳೆಯ ಕೂಲಿ ಪಡೆಯುತ್ತಿದ್ದ ಅವರ ಕೆಲಸ ಕೆಲವೇ ವರ್ಷಗಳಲ್ಲಿ ಹೊಲದ ಬಿಸಿಲಿನಲ್ಲಿ ಬಾಗಿ ದುಡಿಯುವ ಬ್ರಸೇರೋಗಳ, ಅಂದರೆ 1942ರಿಂದ 1964ರವರೆಗಿನ ಸರ್ಕಾರಿ ಒಪ್ಪಂದದ ಮೇರೆಗೆ ಮೆಕ್ಸಿಕೋದಿಂದ ಬಂದ ಕೂಲಿಗಾರರ, ಪಾಲಾಯಿತು.

ಆರು ಡಿಗ್ರಿ ತಂಪಿಗೆ ನೂರರಲ್ಲಿ ಒಂದು ಭಾಗ ನೀರೆಂಬ ಲೆಕ್ಕ ಸೊಪ್ಪಿಗೂ ತಪ್ಪಿದ್ದಲ್ಲ. ಇಪ್ಪತ್ತು ಡಿಗ್ರಿಯಿಂದ ಒಂದೆರಡು ಡಿಗ್ರಿಗೆ ಇಳಿಯುವಷ್ಟರಲ್ಲಿ ಸೊಪ್ಪು ನೂರಕ್ಕೆ ಸುಮಾರು ಮೂರರಷ್ಟು ತೂಕ ಕಳೆದುಕೊಳ್ಳುತ್ತದೆ. ತೂಕಕ್ಕೆ ಮಾರುವವರಿಗೆ ಇದು ನಷ್ಟ. ಆದ್ದರಿಂದ ಕೆಲವು ತರಕಾರಿಗಳಿಗೆ ಕೋಣೆಯೊಳಗೇ ನೀರು ಸಿಂಪಡಿಸುವ ಕ್ರಮ ಬಂದಿದೆ. ಆವಿಯಾಗುವುದು ಹೊರಗಿನ ನೀರು, ಉಳಿಯುವುದು ಒಳಗಿನದು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ದಂಟು, ಕೀರೆ, ಮೆಂತ್ಯದ ಕಟ್ಟುಗಳ ಮೇಲೆ ಗೋಣಿತಟ್ಟು ಹೊದಿಸಿ ಮಾರುವವರು ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದುದೂ ಇದಕ್ಕಾಗಿಯೇ.